ಖದೀಜ ತೆಗೆಯದ ಸಾಲ

ಮಾರ್ಚ್ ಹನ್ನೊಂದರ ಬೆಳಿಗ್ಗೆ ವಾಮದಪದವಿನ ಖದೀಜ ಬಂಟ್ವಾಳದ ಠಾಣೆಗೆ ಬಂದು ದೂರು ಕೊಟ್ಟರು. ಪತ್ತಿರಿ ಎಂಬ ತೆಳು ಅಕ್ಕಿರೊಟ್ಟಿ ಮಾಡಿ ಹೋಟೆಲುಗಳಿಗೆ ಕೊಡುವುದು ಅವರ ಕಸುಬು. ಪತ್ತಿರಿ ಒತ್ತುವ ಯಂತ್ರಕ್ಕೆ ಸಾಲ ಕೇಳಿದಾಗ ಬ್ಯಾಂಕ್ ಇಲ್ಲವೆಂದಿತ್ತು. ಅವರ ಕ್ರೆಡಿಟ್ ವರದಿಯಲ್ಲಿ ಕಂತು ಕಟ್ಟದೆ ಬಿಟ್ಟ ವಾಷಿಂಗ್ ಮೆಷಿನ್ ಸಾಲವೊಂದಿತ್ತು.

“ಮೊದಲು ಸಾಲ ತೆಗೆದದ್ದುಂಟಾ?” ಇನ್‌ಸ್ಪೆಕ್ಟರ್ ಚಿದಾನಂದ ಕೇಳಿದರು.

“ಉಂಟು ಸಾರ್. ಗಂಡನಿಗೆ ದುಬೈಯಲ್ಲಿ ಕೆಲಸ ಹೋದಾಗ ಕಂತು ತಪ್ಪಿತ್ತು. ಮತ್ತೆ ಎಲ್ಲ ತೀರಿಸಿ ಸ್ಕೋರ್ ಸರಿ ಮಾಡಿಕೊಂಡೆ, ವರ್ಷಗಟ್ಟಲೆ ಹಿಡಿಯಿತು. ಇದು ಮಾತ್ರ ನಾನು ತೆಗೆದದ್ದಲ್ಲ.”

“ಫೈನಾನ್ಸಿನವರಿಗೆ ಹೇಳಿದಿರಾ?”

“ಆನ್‌ಲೈನಲ್ಲಿ ಆಕ್ಷೇಪ ಹಾಕಿದೆ. ಫೋಟೊ ನಿಮ್ಮದೇ, ಒಟಿಪಿ ನಿಮ್ಮ ಫೋನಿಗೇ ಹೋಗಿದೆ ಅಂತ ತಳ್ಳಿಹಾಕಿದ್ರು.”

ವಂಚನೆ ಮತ್ತು ಗುರುತು ದುರ್ಬಳಕೆಯ ಎಫ್‌ಐಆರ್ ದಾಖಲಾಯಿತು. ಕಾನ್‌ಸ್ಟೆಬಲ್ ವಿಸ್ಮಿತಾ ಫೈನಾನ್ಸ್ ಕಂಪನಿಯಿಂದ ಆ ಫೋಟೊ ತರಿಸಿ ತೋರಿಸಿದಳು. ಖದೀಜ ನೋಡಿದೊಡನೆ ಗುರುತಿಸಿದರು.

“ಇದು ಮೂಡುಬಿದಿರೆಯ ಅಂಗಡಿ. ನಗದು ಕೊಟ್ಟು ಮಿಕ್ಸಿ ತೆಗೆದಿದ್ದೆ. ವಾರಂಟಿಗೆ ಅಂತ ಆಧಾರ್ ಕೇಳಿದ, ಫೋಟೊ ತೆಗೆದ, ಒಟಿಪಿ ಕೇಳಿದ. ಹೇಳಿಬಿಟ್ಟೆ.”

ಆ ಅಂಗಡಿಯಲ್ಲಿ ಗಿರಾಕಿಗಳಿಗೆ ಸಾಲ ಮಾಡಿಸಿಕೊಡುವವನು ಸಂದೇಶ್. “ಮೆಷಿನ್ ಅವರೇ ತಕ್ಕೊಂಡು ಹೋಗಿದ್ದಾರೆ ಸಾರ್,” ಎಂದು ಅವನು ಚಿದಾನಂದರಿಗೆ ಹೇಳಿದ.

ಹಾಗಾದರೆ ಮೆಷಿನ್ ಎಲ್ಲಿದೆ? ವಿಸ್ಮಿತಾ ಅದರ ಸೀರಿಯಲ್ ನಂಬರ್ ಹಿಡಿದು ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿದಳು. ಅದನ್ನು ಜೋಡಿಸಿಕೊಟ್ಟ ಮೆಕ್ಯಾನಿಕ್‌ಗೆ ಮನೆ ನೆನಪಿತ್ತು: ಶಿರ್ತಾಡಿಯಲ್ಲಿ, ಸಂದೇಶನ ಮನೆ.

ಮರುದಿನ ಪಂಚರ ಸಮಕ್ಷಮ ಮಹಜರು ನಡೆಯಿತು. ಬಚ್ಚಲುಮನೆಯ ಪಕ್ಕದಲ್ಲಿದ್ದ ಮೆಷಿನ್ನಿನ ನಂಬರ್ ತಾಳೆಯಾಯಿತು. ಸಂದೇಶನ ತಾಯಿ ಸೇಸಮ್ಮ ಸಂಧಿವಾತದಿಂದ ಸೊಟ್ಟಗಾದ ಬೆರಳುಗಳನ್ನು ಸೆರಗಿನೊಳಗೆ ಎಳೆದುಕೊಂಡರು.

“ಬಟ್ಟೆ ಹಿಂಡ್ಲಿಕ್ಕೆ ಆಗುದಿಲ್ಲ ಅಂತ ಮಗ ತಂದದ್ದು. ಏನಾಯ್ತು ಮಗಾ?” ಎಂದು ವಿಸ್ಮಿತಾಳನ್ನು ಕೇಳಿದರು.

ವಿಸ್ಮಿತಾ ಅವರನ್ನು ಪಕ್ಕಕ್ಕೆ ಕರೆದು ವಿಷಯ ತಿಳಿಸಿದಳು.

ಅಂದು ಸಂಜೆ ಸಂದೇಶನ ಬಂಧನವಾಯಿತು.

“ನಿನ್ನ ಹೆಸರಲ್ಲೇ ತೆಗೀಬಹುದಿತ್ತಲ್ಲ?” ಚಿದಾನಂದ ಕೇಳಿದರು.

“ಸಿಗ್ಲಿಲ್ಲ ಸಾರ್. ಗೆಳೆಯನಿಗೆ ನನ್ನ ಹೆಸರಲ್ಲಿ ಬೈಕ್ ತೆಗೆದುಕೊಟ್ಟಿದ್ದೆ, ಅವನು ಕಂತು ಕಟ್ಟದೆ ಊರು ಬಿಟ್ಟ. ದಿನಾ ಎಲ್ಲರಿಗೂ ಸಾಲ ಮಾಡಿಸಿಕೊಡ್ತೇನೆ, ನನ್ನ ಅರ್ಜಿ ಮಾತ್ರ ವಾಪಸ್ ಬರ್ತದೆ. ಈ ಕಂತನ್ನು ನಾನೇ ಕಟ್ಟುವ ಅಂತಿದ್ದೆ. ಸುರುವಿಗೆ ಕಟ್ಟಿದೆ ಕೂಡ. ಮತ್ತೆ ಆಗ್ಲಿಲ್ಲ.”

“ಆ ಹೆಂಗಸಿನ ಗತಿ?”



ಎಫ್‌ಐಆರ್ ಮತ್ತು ಮಹಜರಿನ ಪ್ರತಿಗಳನ್ನು ಸೇರಿಸಿ ಖದೀಜ ಮತ್ತೆ ಆಕ್ಷೇಪ ಸಲ್ಲಿಸಿದರು. ಏಪ್ರಿಲ್ ಮುಗಿಯುವುದರೊಳಗೆ ವರದಿಯಿಂದ ಆ ಸಾಲ ಅಳಿಸಿಹೋಯಿತು. ಬ್ಯಾಂಕ್ ಅರ್ಜಿಯನ್ನು ಮತ್ತೆ ನೋಡಿ ಸಾಲ ಮಂಜೂರು ಮಾಡಿತು.

ಸುದ್ದಿ ಹೇಳಲು ಖದೀಜ ಠಾಣೆಗೆ ಬಂದಾಗ ಬಾಗಿಲಲ್ಲೇ ಸೇಸಮ್ಮ ಎದುರಾದರು. ವಿಸ್ಮಿತಾ ಒಬ್ಬರಿಗೊಬ್ಬರ ಗುರುತು ಹೇಳಿದಾಗ, ಮಗನ ಜಾಮೀನಿನ ವಿಷಯ ಕೇಳಲು ಬಂದಿದ್ದ ಅವರು ಕೈಮುಗಿದರು.

“ಕೇಸು ಇನ್ನು ಕೋರ್ಟಿನದ್ದು ಸೇಸಮ್ಮ,” ಎಂದರು, ಬೈಕಿನ ಕಥೆಯನ್ನು ವಿಸ್ಮಿತಾಳಿಂದ ತಿಳಿದಿದ್ದ ಖದೀಜ. “ಆದ್ರೆ ಅವನು ಹೊರಗೆ ಬಂದ ಮೇಲೆ ಆ ಬೈಕಿನ ಸಾಲ ಪೂರ್ತಿ ತೀರಿಸ್ಲಿಕ್ಕೆ ಹೇಳಿ. ಅರ್ಧಕ್ಕೆ ರಾಜಿ ಮಾಡಿದ್ರೆ ವರದಿಯಲ್ಲಿ ಪೂರ್ತಿ ಕಟ್ಟಿಲ್ಲ ಅಂತಲೇ ಬೀಳ್ತದೆ. ಗೊತ್ತಾಗದಿದ್ರೆ ನನ್ನತ್ರ ಬರ್ಲಿ, ಹೇಳಿಕೊಡ್ತೇನೆ.”

“ಅವನು ನಿಮ್ಮ ಮುಖ ನೋಡಿಯಾನಾ?”

“ನೋಡ್ತಾನೆ. ನಾನೂ ಬ್ಯಾಂಕಿನವರ ಮುಖ ನೋಡ್ಲಿಕ್ಕೆ ನಾಚಿ ಕೂತವಳೇ.”

ವಿಸ್ಮಿತಾ ಒಳಗಿನಿಂದ ಎರಡು ಕುರ್ಚಿ ತಂದಿಟ್ಟಳು.