ಕುರ್ಚಿಯ ಮೇಲಿಟ್ಟ ಹೆಬ್ಬೆರಳು

ಬ್ರಿಸ್ಬೇನ್‌ನ ಪಾರ್ಕಿನಲ್ಲಿ ಮೂಲನಿವಾಸಿಗಳಾದ ನಾವು ಡೇರೆ ಹಾಕಿ ಧರಣಿ ಕೂತು ಒಂಬತ್ತನೇ ದಿನ. ಲಾಕಪ್ಪಿನಲ್ಲಿ ಸತ್ತ ನಮ್ಮ ಹುಡುಗನಿಗೆ ನ್ಯಾಯ ಕೇಳುತ್ತಿದ್ದೆವು. ನಮ್ಮಲ್ಲಿ ಸೂತಕ ಮುಗಿಯುವ ತನಕ ಸತ್ತವನ ಹೆಸರು ಹೇಳುವ ಹಾಗಿಲ್ಲ, ಮುಖ ತೋರಿಸುವ ಹಾಗೂ ಇಲ್ಲ. ಅದಕ್ಕೇ ನಾನು ತೆಗೆದ ಫೋಟೋಗಳನ್ನೆಲ್ಲ ಡೊರೀನ್ ದೊಡ್ಡಮ್ಮ ನೋಡಿಯೇ ಪತ್ರಿಕೆಗೆ ಬಿಡುತ್ತಿದ್ದರು. ಮರುದಿನ ಪೊಲೀಸರು ಡೇರೆ ಕೀಳಲು ಬರುತ್ತಾರೆಂದು ಗೊತ್ತಿತ್ತು. ಹುಡುಗನ ತಾಯಿಯ ಚಿತ್ರ ಸಂಜೆ ನಾಲ್ಕರೊಳಗೆ ಪತ್ರಿಕೆಗೆ ಹೋದರೆ ಜನ ನೋಡಿ ನಮ್ಮ ಜೊತೆ ನಿಂತಾರು ಎಂಬ ಆಸೆ.

"ಫೋಟೋದಲ್ಲಿ ನನ್ನ ಹೊಟ್ಟೆ ಬಂದಿದ್ರೆ ಕತ್ತರಿಸಿ ಹಾಕೇ," ಅಂತ ನಗುತ್ತ ದೊಡ್ಡಮ್ಮ ಕ್ಯಾಮೆರಾ ಈಸಿಕೊಂಡರು. ಆಮೇಲೆ ನಗು ನಿಂತಿತು. ಚಿತ್ರದಲ್ಲಿ ತಾಯಿಯ ಪಕ್ಕದ ಬಟ್ಟೆ ಕುರ್ಚಿಯನ್ನು ಹೆಬ್ಬೆರಳಿನಿಂದ ಮುಚ್ಚಿ, "ಇದು ಬೇಡ. ಅವನಮ್ಮ ನೋಡಬಾರದು," ಅಂದರು.

"ದೊಡ್ಡಮ್ಮ, ಖಾಲಿ ಕುರ್ಚಿ ಅದು."

ಅವರು ಕ್ಯಾಮೆರಾ ಹಿಂದಕ್ಕೆ ಕೊಟ್ಟರು. ಉರಿಬಿಸಿಲಿನಲ್ಲೂ ಅದು ನನ್ನ ಕೈಗೆ ಮಂಜುಗಡ್ಡೆಯಂತೆ ತಣ್ಣಗೆ ಬಂತು. ಬೇರೆ ಚಿತ್ರ ತೆಗೆಯೋಣವೆಂದರೆ ತಾಯಿ ಆ ಕುರ್ಚಿಯ ಹಿಡಿಯ ಮೇಲಿಂದ ಕೈ ತೆಗೆಯುತ್ತಿಲ್ಲ.

ಆಗಷ್ಟೇ ಬಸ್ಸಿಳಿದು ಬಂದ ಕ್ಲೈವ್ ಮಾವನಿಗೆ ಏನೂ ಹೇಳದೆ ಆ ಚಿತ್ರವನ್ನೇ ತೋರಿಸಿದೆ. ಒಮ್ಮೆ 'ಕಳಿಸು' ಅನ್ನಲಿ ಎಂದು ಕಾದೆ.

"ಟೀ ಕೊಡೋ ಮೊದ್ಲೇ ಕೆಲ್ಸ ಹಚ್ತೀಯಲ್ಲೇ," ಎಂದು ಗೊಣಗುತ್ತ ಬಗ್ಗಿದ ಮಾವ ಅದೇ ಕುರ್ಚಿಯ ಮೇಲೆ ಹೆಬ್ಬೆರಳಿಟ್ಟರು. "ಸೂತಕದಲ್ಲಿ ಮುಖ ತೋರಿಸ್ತಾರೇನೇ?"

ಕಳಿಸಲಿಲ್ಲ. ಮರುದಿನ ಡೇರೆ ಕಿತ್ತರು, ನಮ್ಮ ಜೊತೆ ನಿಲ್ಲಲು ಯಾರೂ ಬರಲಿಲ್ಲ.

ಮಕ್ಕಳು ಮಲಗಿದ ಮೇಲೆ ಒಮ್ಮೊಮ್ಮೆ ಆ ಚಿತ್ರ ತೆರೆಯುತ್ತೇನೆ. ನನಗೆ ಈಗಲೂ ಅಲ್ಲಿ ಯಾರೂ ಕಾಣುವುದಿಲ್ಲ. ಕುರ್ಚಿಯ ಬಟ್ಟೆ ಮಾತ್ರ ಯಾರೋ ಕೂತ ಹಾಗೆ ಕೆಳಗೆ ಜಗ್ಗಿದೆ.