ದುಂಬಿಯ ವೇಷದ ನೊಣಗಳು

ತುಂಬಾ ಹಿಂದೆ, ಸಂಪಿಗೆಸೀಮೆ ಅಂತ ಒಂದು ರಾಜ್ಯ. ಅಲ್ಲಿ ಅರಮನೆಗೆ ಹೂ ಕೊಡುವವನು ಬೊಮ್ಮಣ್ಣ. ಅವನ ಹೆಂಡತಿ ಚೆನ್ನಾಜಿ. ಅವಳು ಬಿಡಿಸುತ್ತಿದ್ದಳು, ಅವನು ಕಟ್ಟುತ್ತಿದ್ದ.

ಒಂದು ದಿನ ಕಾಡಿನ ಮಾಯಗಾರ ಕರಾಳ ಬಂದ. "ಇನ್ನು ಮೇಲೆ ನನಗೆ ಹೂ ಬಿಡಿಸು" ಅಂದ.

"ನಿನ್ನ ಮುಖಕ್ಕೆ ಎಕ್ಕದ ಹೂ ಸಾಕು. ನೀನೇ ಬಿಡಿಸಿಕೋ ಹೋಗು" ಅಂದಳು ಚೆನ್ನಾಜಿ.

ಅವನು ಅವಳನ್ನು ದುಂಬಿ ಮಾಡಿ ಹೊತ್ತೊಯ್ದ.

ಬೊಮ್ಮಣ್ಣ ಕಾಡಿಗೆ ಹೋದ. ಮಾಯಗಾರನ ತೋಟದ ತುಂಬ ದುಂಬಿ. ಕರಿ ಮೈ, ಹಳದಿ ರೋಮ. ಎಲ್ಲವೂ ಒಂದೇ ತರ.

"ಇದರಲ್ಲಿ ಒಂದು ನಿನ್ನ ಹೆಂಡತಿ" ಅಂದ ಕರಾಳ. "ಮಿಕ್ಕವು ನನ್ನ ಬೇಟೆನೊಣ. ದುಂಬಿಯ ಹಾಗೇ ಕಾಣುತ್ತವೆ, ದುಂಬಿಯನ್ನೇ ತಿನ್ನುತ್ತವೆ. ಮೂರು ಸಲ ಕೈಯೊಡ್ಡು. ಸಿಕ್ಕಿದರೆ ನಿನಗೆ. ಇಲ್ಲದಿದ್ದರೆ ಅವಕ್ಕೆ. ಅಲ್ಲಿಯವರೆಗೆ ಅವು ಅವಳನ್ನು ಮುಟ್ಟುವುದಿಲ್ಲ." ಹಾಗಂದು ತಾನೂ ನೊಣವಾಗಿ ಹಿಂಡು ಸೇರಿದ.

ಬೊಮ್ಮಣ್ಣ ಹೂ ಆರಿಸುವ ಹಾಗೆ ಬಣ್ಣ ನೋಡಿದ. ಎಲ್ಲಕ್ಕಿಂತ ಹಳದಿಯಾದದ್ದಕ್ಕೆ ಕೈಯೊಡ್ಡಿದ. ಅದು ಅಂಗೈಗೆ ಚುಚ್ಚಿತು.

"ಏನಯ್ಯಾ, ಮುತ್ತು ಕೊಟ್ಟಳಾ?" ಹಿಂಡಿನೊಳಗಿಂದ ಕರಾಳ ನಕ್ಕ.

ಚೆನ್ನಾಜಿ ಗಟ್ಟಿ ಬಾಯಿಯವಳು. ಹಾಗಾಗಿ ಎರಡನೇ ಸಲ ಜೋರಾಗಿ ಗುಂಯ್‌ಗುಡುತ್ತಿದ್ದುದಕ್ಕೆ ಕೈಯೊಡ್ಡಿದ. ಅದೂ ಚುಚ್ಚಿತು. ತೋಳು ಭುಜದವರೆಗೆ ಮರಗಟ್ಟಿತು.

"ಕಟ್ಟಿಕೊಂಡವಳ ಗುರುತು ಹತ್ತಲಿಲ್ಲವೇನೋ!" ಅಂದ ಕರಾಳ.

ಬೊಮ್ಮಣ್ಣ ಕೂತ. ನೋಡಿದ.

ಹೆಚ್ಚಿನವು ಒಣಕಡ್ಡಿಯ ತುದಿಯಲ್ಲಿ ಸುಮ್ಮನೆ ಕೂತಿದ್ದವು. ಮುಂದೆ ಏನಾದರೂ ಹಾರಿದರೆ ಎರಗಿ, ಮುಳ್ಳುಗಾಲಲ್ಲಿ ತಬ್ಬಿ, ಕಡ್ಡಿಗೇ ತಂದು ಹೀರುತ್ತಿದ್ದವು. ಅವಕ್ಕೆ ಎರಡೇ ರೆಕ್ಕೆ. ಮುಖದ ತುಂಬ ಗಡ್ಡ.

ಒಂದು ಮಾತ್ರ ಕೂರಲೇ ಇಲ್ಲ. ಹೂವಿಂದ ಹೂವಿಗೆ ಹೋಯಿತು. ಅದಕ್ಕೆ ನಾಲ್ಕು ರೆಕ್ಕೆ. ಹಿಂಗಾಲಿಗೆ ಹೂಪುಡಿ ಮೆತ್ತಿತ್ತು. ಅಷ್ಟು ಜನ ಕೂತಿರುವಲ್ಲಿ ಕೆಲಸ ಮಾಡುತ್ತಿದ್ದದ್ದು ಅದೊಂದೇ.

ಬೊಮ್ಮಣ್ಣ ಹೂವಿನ ಪಕ್ಕ ಕೈಯಿಟ್ಟ. ಅದು ಕೈ ಹತ್ತಿತು. ಚೆನ್ನಾಜಿಯಾಯಿತು.

ಇನ್ನೂ ನೊಣವಾಗಿಯೇ ಇದ್ದ ಕರಾಳ ಸಿಟ್ಟಿನಿಂದ ಅವಳ ಮೇಲೆ ಹಾರಿದ. ಹಾರಿದ್ದನ್ನು ಹಿಡಿಯುವುದು ಆ ನೊಣಗಳ ಗುಣ. ಒಂದು ಎರಗಿ ಅವನನ್ನೇ ತಬ್ಬಿತು.

"ಲೇ, ನಾನು ಕಣೋ, ನಿನ್ನ ಒಡೆಯ!"

ನೊಣ ಹೀರಿತು. ಸಿಪ್ಪೆ ಕೆಳಗೆ ಬಿತ್ತು. ಬೊಮ್ಮಣ್ಣನ ತೋಳು ಸರಿಹೋಯಿತು.

"ಏನ್ರೀ, ಎರಡು ಸಲ ಯಾರ್ಯಾರಿಗೋ ಕೈಯೊಡ್ಡಿದಿರಿ" ಅಂದಳು ಚೆನ್ನಾಜಿ. "ಅವಕ್ಕೆ ಗಡ್ಡ ಇತ್ತಲ್ರೀ!"

"ಆಮೇಲೆ ಕಂಡಿತು ಕಣೇ" ಅಂದ ಬೊಮ್ಮಣ್ಣ.

ಇಬ್ಬರೂ ಮನೆಗೆ ಹೋದರು. ರಾಜ್ಯದಲ್ಲಿ ಎಲ್ಲರೂ ಸುಖವಾಗಿದ್ದರು. ಅವರಿಬ್ಬರೂ ಒಟ್ಟಿಗೇ ಮುದುಕರಾದರು.