ದ್ರಾಕ್ಷಿ ತೋಟದ ಹಕ್ಕರಕಿ

"ಈ ವಾರದ್ದು ಭಾಳ ಎಳೀ ಅದ ನೋಡ್ರಿ, ಮೇಡಮ್ಮೋರ," ಎಂದು ಯಲ್ಲಾಲಿಂಗ ಒದ್ದೆ ಬಟ್ಟೆಯ ಗಂಟು ಚಾಚಿದ. ಒಳಗೆ ಹಕ್ಕರಕಿ. ಯಾರೂ ಬಿತ್ತದೆ ಬೆಳೆಯುವ ಸೊಪ್ಪು. ಅವನ ಊರಿನವರು ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುತ್ತಾರೆ.

ಬೆರಳುಗಳು ತಾಕಿದವು. ಪ್ರಜ್ಞಾ ಕೈಯನ್ನು ಬೇಗ ಹಿಂದಕ್ಕೆ ತೆಗೆಯಲಿಲ್ಲ.

"ಮೇಡಂ ಅಂತೀರಲ್ಲ, ನಾನೇನು ನಿಮಗೆ ಪಾಠ ಮಾಡ್ತೇನಾ?"

"ಹೆಸರು ಹಿಡದು ಕರದ್ರ ನಿಮ್ಮಪ್ಪಾರು ನಂಗ ಚಹಾ ಕೊಡೂದು ಬಂದ್ ಮಾಡ್ತಾರ್ರಿ."

ನಾಸಿಕ್ ರೋಡಿನಲ್ಲಿ ಅವಳ ಅಪ್ಪನ ಹೋಟೆಲು. ಅದರ ಹಿಂದೆ ಏಳುತ್ತಿದ್ದ ಕಟ್ಟಡದಲ್ಲಿ ಅವನು ಗಾರೆ ಕೆಲಸದ ಗೌಂಡಿ. ಸಂಭಾಜಿನಗರದಲ್ಲಿ ಈ ಸೊಪ್ಪಿನ ರಸಾಯನದ ಮೇಲೆಯೇ ಪಿಎಚ್‌ಡಿ ಮಾಡುತ್ತಿದ್ದ ಅವಳು ಭಾನುವಾರ ಮನೆಗೆ ಬರುತ್ತಿದ್ದಳು, ಈಚೆಗೆ ಒಂದೂ ತಪ್ಪದೆ. ಅವನ ಅವ್ವ ಹನುಮವ್ವನಿಗೆ ಎದೆಯ ಕ್ಯಾನ್ಸರ್, ಕೀಮೋ ನಡೆದಿತ್ತು.

"ಲ್ಯಾಬಿನಲ್ಲಿ ನಿಮ್ಮ ಸೊಪ್ಪಿನ ಸಾರ ಹಾಕಿದೆ," ಎಂದಳು. "ಕ್ಯಾನ್ಸರ್ ಕೋಶಗಳು ಎರಡೇ ದಿನಕ್ಕೆ ಸತ್ತುಹೋದವು."

"ಖರೇ?"

ಹಾಗೆ ಅವಳನ್ನು ಯಾರೂ ನೋಡಿರಲಿಲ್ಲ. ರೆಪ್ಪೆಯ ಮೇಲೆ ಸಿಮೆಂಟಿನ ಧೂಳು, ಅದರಡಿಯಲ್ಲಿ ಅಷ್ಟು ಬೆಳಕು. ಗಾಜಿನ ತಟ್ಟೆಯಲ್ಲಿ ಸತ್ತದ್ದು ಮೈಯೊಳಗೂ ಸಾಯಬೇಕೆಂದಿಲ್ಲ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

"ಖರೇ."

ಆಮೇಲೆ ಆರು ಭಾನುವಾರ ಗಂಟು ಬಂತು. ಅವ್ವ ಹೇಗಿದ್ದಾರೆ ಎಂದರೆ, "ಆರಾಮ್ ಅದಾಳ್ರಿ, ವಾಂತಿ ನಿಂತದ," ಎನ್ನುತ್ತಿದ್ದ.

ಏಳನೆಯ ವಾರ ಗೈಡ್ ವೈಜನಾಥ ಸರ್, ಆರೋಗ್ಯವಂತ ಕೋಶಗಳಿಗೂ ಹಾಕಿ ನೋಡಲು ಹೇಳಿದರು. ಅವೂ ಸತ್ತವು. ಹತ್ತಿರದ ಖುಲ್ತಾಬಾದಿನ ಗುಡ್ಡದಿಂದ ಕಿತ್ತು ತಂದ ಹಕ್ಕರಕಿ ಪರೀಕ್ಷಿಸಿದಳು. ಯಾವುದೂ ಸಾಯಲಿಲ್ಲ. ಸರ್ ಯಲ್ಲಾಲಿಂಗನ ಸೊಪ್ಪಿನ ಗ್ರಾಫಿನಲ್ಲಿ ಒಂದು ಚೂಪು ಏರಿನ ಮೇಲೆ ಪೆನ್ನಿಟ್ಟು, "ಇದು ಗಿಡದ್ದಲ್ಲ, ಹೊರಗಿನಿಂದ ಬಂದ ರಾಸಾಯನಿಕ," ಎಂದರು.

ವರಾಂಡಕ್ಕೆ ಓಡಿ ಯಲ್ಲಾಲಿಂಗನಿಗೆ ಫೋನ್ ಮಾಡಿದಳು.

"ಸೊಪ್ಪು ಎಲ್ಲಿಂದ ಕೀಳ್ತೀರಿ?"

"ದ್ರಾಕ್ಷಿ ತೋಟದಾಗ್ರಿ, ಸಾಲಿನ ನಡುವ. ಡ್ರಿಪ್ ನೀರಿಗೆ ಎಳೀ ಬರ್ತದ. ನಿಮಗಂತ ಆರಿಸಿ ತರ್ತೀನಿ."

"ಅಲ್ಲಿ ಔಷಧ ಹೊಡೀತಾರಲ್ಲ?"

"ಬಳ್ಳಿಗಿ ಹೊಡೀತಾರ್ರಿ, ಇದಕ್ಕಲ್ಲ. ಅವ್ವ ಮೂರೂ ಹೊತ್ತು ಅದನ್ನೇ ತಿಂತಾಳ. ಕೀಮೋ ಬಿಡಿಸೀನಿ."

ನಾಸಿಕ್ ಬಸ್ಸು ಐದು ತಾಸು ತೆಗೆದುಕೊಂಡಿತು. ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಹನುಮವ್ವ ಗೋಡೆಗೆ ಒರಗಿ ಸೊಪ್ಪು ಅಗಿಯುತ್ತಿದ್ದಳು. ತುಟಿಯ ಅಂಚು ಹಸಿರು, ಕಣ್ಣು ಹಳದಿ.

"ಬಾ ಯವ್ವಾ. ನಮ್ಮ ಹುಡುಗ ದಿನಾ ನಿನ್ನ ಸುದ್ದೀನೇ ಹೇಳ್ತಾನ."

ಪ್ರಜ್ಞಾ ಅವಳ ಮುಂದಿದ್ದ ತಟ್ಟೆ ಎಳೆದುಕೊಂಡಳು. ಹೊರಗೆ, ಇಟ್ಟಿಗೆಯ ರಾಶಿಯ ಹತ್ತಿರ, ಯಲ್ಲಾಲಿಂಗನಿಗೆ ಎಲ್ಲ ಹೇಳಿದಳು: ಕೋಶಗಳನ್ನು ಕೊಂದದ್ದು ಸೊಪ್ಪಲ್ಲ, ಬಳ್ಳಿಗೆ ಹೊಡೆದ ಔಷಧ; ತಟ್ಟೆಯಲ್ಲಿ ಸತ್ತದ್ದು ಮೈಯೊಳಗೆ ಸಾಯಬೇಕೆಂದಿಲ್ಲ ಎಂಬುದು ತನಗೆ ಆಗಲೇ ಗೊತ್ತಿತ್ತು.

ಅವನು ಸೊಪ್ಪು ಕಿತ್ತ ತನ್ನ ಕೈ ನೋಡಿಕೊಂಡ. "ನೀವು ಖರೇ ಅಂದಿದ್ರಿ."

"ಅಂದಿದ್ದೆ. ಪೂರ್ತಿ ಹೇಳಿದ್ರೆ ನೀವು ಹಾಗೆ ನೋಡೋದು ನಿಲ್ಲಿಸ್ತಿದ್ರಿ. ನನಗೆ ಆ ನೋಟ ಬೇಕಿತ್ತು, ಯಲ್ಲಾಲಿಂಗ. ನೀವು ಬೇಕಿತ್ತು."

ಅವನು ಅವ್ವನನ್ನು ಎತ್ತಿ ತಂದು ಆಟೋದಲ್ಲಿ ಕೂರಿಸಿದ. ಇನ್ನೊಂದು ಮಗ್ಗುಲಲ್ಲಿ ಪ್ರಜ್ಞಾ ಹತ್ತಿದಳು. ಅವನು ತಡೆಯಲಿಲ್ಲ. ದಾರಿಯುದ್ದಕ್ಕೂ ಮುದುಕಿಯ ತಲೆ ಅವಳ ಭುಜದ ಮೇಲೆ ತೂಗಾಡಿತು, ಹಕ್ಕಿಯಷ್ಟು ಹಗುರ. ಅವನು ಪ್ರಜ್ಞಾಳ ಕಡೆ ಒಮ್ಮೆಯೂ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರ್ ಫೈಲು ತಿರುವಿ, ಹನುಮವ್ವನ ರೆಪ್ಪೆ ಎಳೆದು ನೋಡಿ, ಮರಾಠಿಯಲ್ಲಿ ಕೇಳಿದರು: ಎರಡು ಕೀಮೋ ತಪ್ಪಿಸಿದ್ದೀರಿ, ಯಾರ ಮಾತು ಕೇಳಿ?

"ನನ್ನ," ಎಂದಳು ಪ್ರಜ್ಞಾ.

"ನನ್ನ," ಎಂದ ಯಲ್ಲಾಲಿಂಗ, ಅದೇ ಉಸಿರಿನಲ್ಲಿ.

ಆಗ ಅವನು ಅವಳನ್ನು ನೋಡಿದ. ಡಾಕ್ಟರ್ ಇಬ್ಬರನ್ನೂ ಹೊರಗೆ ನಿಲ್ಲಲು ಹೇಳಿ ಪರದೆ ಎಳೆದರು.